ಅಮ್ಮನ ಒಪ್ಪತ್ತಿನ ಉಪ್ಪಿಟ್ಟು

ನಮ್ಮಮ್ಮ ಉಪವಾಸ ಮಾಡಿ ಮಾಡಿಯೇ ದಪ್ಪಗಾದಳು. ಹೀಗೆಂದರೆ ಯಾರೂ ನಂಬುವುದಿಲ್ಲ. ಆದರೆ ಆ ಉಪವಾಸಗಳಲ್ಲಿ ಪಾಲು ತಿಂದು ನಾನೂ ದಪ್ಪಗಾದವನು. ಸಾಕ್ಷಿ ಹೇಳುವ ಹಕ್ಕು ನನಗಿದೆ.

ಅದು ತೊಂಬತ್ತರ ದಶಕದ ಕೊನೆ. ನಮ್ಮ ಮನೆ ಗುಬ್ಬಿಯಲ್ಲಿ. ಅಪ್ಪ ಸ್ಕೂಲ್ ಮೇಷ್ಟ್ರು, ನಾನು ದಿನಾ ತುಮಕೂರಿಗೆ ಬಸ್ಸಿನಲ್ಲಿ ಹೋಗಿಬರುತ್ತಿದ್ದ ಗುಮಾಸ್ತ. ಅಕ್ಕನನ್ನು ಕುಣಿಗಲ್ಲಿಗೆ ಕೊಟ್ಟಿದ್ದೆವು. ಮದುವೆಯಾಗಿ ಆರು ವರ್ಷವಾದರೂ ಅವಳಿಗೆ ಮಕ್ಕಳಾಗದಿದ್ದಾಗ ಅಮ್ಮ ಹರಕೆ ಹೊತ್ತಳು: ಮಗುವಾದರೆ ಶಿವಗಂಗೆ ಬೆಟ್ಟವನ್ನು ನನ್ನ ಕಾಲಲ್ಲೇ ಹತ್ತಿ ಬರುತ್ತೇನೆ. ಶಿವ ಹೆಣ್ಣುಮಗುವನ್ನು ಕೊಟ್ಟು ತನ್ನ ಕೆಲಸ ಮುಗಿಸಿದ. ಅಷ್ಟರಲ್ಲಿ ಅಮ್ಮನ ಮಂಡಿ ಕೈಕೊಟ್ಟಿತ್ತು. ಮನೆ ಮುಂದಿನ ಮೂರು ಮೆಟ್ಟಿಲು ಹತ್ತಲು ಮೂರು ಸಲ ಶಿವನನ್ನು ಕರೆಯುತ್ತಿದ್ದಳು.

ತುಮಕೂರಿನ ಡಾಕ್ಟರಮ್ಮ ಮಂಡಿ ಒತ್ತಿ ನೋಡಿ, ತೂಕದ ಮಿಷನ್ ಮೇಲೆ ನಿಲ್ಲಿಸಿದರು. "ಅಮ್ಮ, ಈ ಮಂಡಿಗೆ ಇಷ್ಟು ಭಾರ ಆಗಲ್ಲ. ಹತ್ತು ಕೆಜಿ ಇಳ್ಸಿ, ಆಮೇಲೆ ಬೆಟ್ಟದ ಮಾತು. ತಿನ್ನೋದು ಕಡಿಮೆ ಮಾಡಿ" ಎಂದರು.

ಕಡಿಮೆ ತಿನ್ನಲು ಅಮ್ಮನಿಗೆ ಗೊತ್ತಿದ್ದ ದಾರಿ ಒಂದೇ, ಒಪ್ಪತ್ತು. ಸೋಮವಾರದ್ದು ಮೊದಲಿಂದಲೂ ಇತ್ತು. ಅದಕ್ಕೆ ಗುರುವಾರ, ಶನಿವಾರ ಸೇರಿದವು. ಅಮಾವಾಸ್ಯೆಯನ್ನೂ ಬಿಡಲಿಲ್ಲ.

ಒಪ್ಪತ್ತು ಎಂದರೆ ದಿನಕ್ಕೆ ಒಂದೇ ಹೊತ್ತು ಊಟ. ಊಟ ಎಂದರೆ ಅನ್ನ ಅಥವಾ ಮುದ್ದೆ. ಮಿಕ್ಕದ್ದೆಲ್ಲ ತಿಂಡಿ, ತಿಂಡಿಯಿಂದ ಉಪವಾಸ ಕೆಡುವುದಿಲ್ಲ. ಇದು ನಮ್ಮ ಕಡೆಯ ನ್ಯಾಯ. ಹಾಗಾಗಿ ಬೆಳಿಗ್ಗೆ ಪೂಜೆ ಮುಗಿಸಿ ಅಮ್ಮ ತನಗೆಂದು ಉಪ್ಪಿಟ್ಟು ಕೆದಕುತ್ತಿದ್ದಳು. ತೆಂಗಿನ ಸೀಮೆ ನಮ್ಮದು, ರವೆಯಷ್ಟೇ ಕಾಯಿತುರಿ, ಮೇಲೊಂದು ಚಮಚ ತುಪ್ಪ. ಮಧ್ಯಾಹ್ನ ಬೆಲ್ಲ, ಕಾಯಿ ಹಾಕಿದ ಅವಲಕ್ಕಿ ಮತ್ತು ಎರಡು ಬಾಳೆಹಣ್ಣು. ಸಂಜೆ ಸುಸ್ತಾಗಬಾರದೆಂದು ಒಂದು ಲೋಟ ಗಟ್ಟಿ ಹಾಲು. ರಾತ್ರಿ, ಪಾಪ, ಆ ಒಂದು ಹೊತ್ತಿನ ಊಟ.

ನಾನು ಅಪ್ಪನ ಜೊತೆ ಮುದ್ದೆ ಮುಗಿಸಿ ಎದ್ದವನು, ಅಮ್ಮ ಒಬ್ಬಳೇ ಉಪವಾಸ ಮಾಡಬಾರದೆಂದು ಅವಳ ಉಪ್ಪಿಟ್ಟಿನ ತಟ್ಟೆಗೂ ಕೈಹಾಕುತ್ತಿದ್ದೆ. ಆ ವರ್ಷ ನನ್ನ ಎರಡು ಪ್ಯಾಂಟು ಟೈಟಾದವು.

ಮೂರು ತಿಂಗಳಾದ ಮೇಲೆ ಅದೇ ಮಿಷನ್ ಮೇಲೆ ಅಮ್ಮ ನಾಲ್ಕು ಕೆಜಿ ಹೆಚ್ಚು ತೂಗಿದಳು.

"ಏನ್ ತಿಂತೀರಮ್ಮ?"

"ಏನೂ ತಿನ್ನಲ್ಲ ಡಾಕ್ಟ್ರಮ್ಮ. ವಾರಕ್ಕೆ ಮೂರು ಒಪ್ಪತ್ತು ಮಾಡ್ತೀನಿ."

ಡಾಕ್ಟರಮ್ಮ ನನ್ನ ಕಡೆ ತಿರುಗಿದರು. ನಾನು ಗೋಡೆಯ ಕ್ಯಾಲೆಂಡರ್ ನೋಡಿದೆ. ಕೊನೆಗೆ ಉಪ್ಪಿಟ್ಟಿನಿಂದ ಗಟ್ಟಿ ಹಾಲಿನವರೆಗೆ ಎಲ್ಲವನ್ನೂ ಒಪ್ಪಿಸಿಬಿಟ್ಟೆ. ಅಮ್ಮ ನನ್ನನ್ನು ನುಂಗುವಂತೆ ನೋಡಿದಳು. ಡಾಕ್ಟರಮ್ಮ ನಗು ತಡೆದುಕೊಂಡು, "ಈ ಒಪ್ಪತ್ತೆಲ್ಲ ಬಿಟ್ಬಿಡಿ. ದಿನಾ ಹೊತ್ತಿಗೆ ಸರಿಯಾಗಿ ಒಂದು ಮುದ್ದೆ, ಸೊಪ್ಪಿನ ಸಾರು. ಅಷ್ಟು ಸಾಕು" ಎಂದರು.

ಗುಬ್ಬಿ ಬಸ್ಸಿನಲ್ಲಿ ಅಮ್ಮ ಕಿಟಕಿಯ ಕಡೆ ಮುಖ ತಿರುಗಿಸಿ ಕೂತಳು. ನನಗೆ ಸುಮ್ಮನಿರಲು ಬರಬೇಕಲ್ಲ. "ಶಿವನಿಗೆ ನಾನ್ ಹೇಳ್ತೀನಿ ಬುಡಮ್ಮ, ಡಾಕ್ಟ್ರ ಚೀಟಿ ತೋರ್ಸಿ" ಎಂದು ಕೆಣಕಿದೆ.

ಅಮ್ಮ ಕಿಟಕಿಯಾಚೆ ನೋಡುತ್ತಲೇ ಹೇಳಿದಳು: "ಶಿವನ ಮಾತಲ್ಲ ಕಣೋ. ಒಪ್ಪತ್ತಿನ ದಿನ ನನ್ಗೇ ಅಂತ ಒಂದು ಒಗ್ಗರಣೆ ಬೀಳ್ತದೆ. ಬಿಸೀದು ತಿಂತೀನಿ. ಮಿಕ್ಕಿದ್ ದಿನ ನೀವ್ ಬಿಟ್ಟಿದ್ದು."

ನಮಗೆಲ್ಲ ಬಡಿಸಿ, ಕೊನೆಗೆ ಅಮ್ಮ ಒಲೆ ಪಕ್ಕ ಪಾತ್ರೆಯನ್ನೇ ಮುಂದಿಟ್ಟುಕೊಂಡು ಕೂರುತ್ತಿದ್ದಳು. ಆರಿದ ಸಾರು, ನಾನು ಬಿಟ್ಟ ಅರ್ಧ ಮುದ್ದೆ, ಅಪ್ಪನಿಗೆ ಹೆಚ್ಚಾದ ಅನ್ನ. ಚೆಲ್ಲಲು ಮನಸ್ಸು ಬಾರದೆ, ಹಸಿವು ತೀರಿದ ಮೇಲೂ ಎಲ್ಲವನ್ನೂ ಬಳಿದು ತಿನ್ನುತ್ತಿದ್ದಳು. ಹುಟ್ಟಿದಾಗಿನಿಂದ ಇದನ್ನು ನೋಡಿದ್ದೆ, ಏನೂ ಅನ್ನಿಸಿರಲಿಲ್ಲ. ಅವಳ ಪಾಲಿಗಿದ್ದ ಒಂದು ಬಿಸಿ ತಟ್ಟೆಗೂ ನಾನು ಕೈಹಾಕುತ್ತಿದ್ದೆ. ನನಗೆ ನಾಚಿಕೆಯಾಯಿತು.

ಅವತ್ತು ಸಂಜೆ ನಾನೇ ಮುದ್ದೆ ತೊಳಸಿದೆ. ಅಪ್ಪ ಸೊಪ್ಪು ಬಿಡಿಸಿದರು, ಅರ್ಧ ದಂಟನ್ನೂ ಸೇರಿಸಿ. ಅಮ್ಮನನ್ನು ಮೊದಲು ಕೂರಿಸಿ ಇಬ್ಬರೂ ಎದುರಿಗೆ ನಿಂತೆವು.

"ಇಬ್ರೂ ನನ್ ಬಾಯೇ ನೋಡ್ತಾ ನಿಂತ್ರೆ ಗಂಟ್ಲಲ್ಲಿ ಇಳೀತದಾ?" ಎಂದಳು. ಮುದ್ದೆ ಮುರಿದು ಒಳಗೆ ನೋಡಿ, "ಇಷ್ಟು ಗಂಟಿದ್ರೆ ಇಳಿಯೋದೂ ಇಲ್ಲ" ಎಂದಳು. ಆದರೂ ತಿಂದಳು.

ಆಮೇಲೆ ನಮ್ಮ ಮನೆಯಲ್ಲಿ ಮೂವರೂ ಒಟ್ಟಿಗೆ ಕೂರುವುದು ರೂಢಿಯಾಯಿತು. ತಟ್ಟೆಯಲ್ಲಿ ಬಿಟ್ಟವರು ಅದನ್ನು ತಾವೇ ಹಸುವಿಗೆ ಹಾಕಿ ಬರಬೇಕು. ಸೋಮವಾರದ ಉಪ್ಪಿಟ್ಟೊಂದನ್ನು ಮಾತ್ರ ಅಮ್ಮ ಬಿಟ್ಟುಕೊಡಲಿಲ್ಲ. ಎರಡು ವರ್ಷದಲ್ಲಿ ಹತ್ತು ಕೆಜಿ ಇಳಿಯಲಿಲ್ಲ, ಏಳು ಇಳಿಯಿತು. ಮಂಡಿ ಅಷ್ಟಕ್ಕೇ ರಾಜಿಯಾಯಿತು.

ಮೊಮ್ಮಗಳಿಗೆ ನಾಲ್ಕು ತುಂಬಿದ ವರ್ಷ ಶಿವಗಂಗೆಗೆ ಹೋದೆವು. ಅಮ್ಮ ಕಂಬಿ ಹಿಡಿದು, ಕೂತು, ಎದ್ದು, ಬೆಟ್ಟದ ನಡುವಿನ ಒಳಕಲ್ಲು ತೀರ್ಥದವರೆಗೆ ತನ್ನ ಕಾಲಲ್ಲೇ ಹತ್ತಿದಳು. ತುದಿಯ ಬಸವಣ್ಣನಿಗೆ ಅಲ್ಲಿಂದಲೇ ಕೈಮುಗಿದು, "ಅಷ್ಟ್ ಮೇಲಕ್ಕೆ ಬರ್ತೀನಿ ಅಂತ ನಾನ್ ಹೇಳಿರ್ಲಿಲ್ಲಪ್ಪ" ಎಂದಳು. ಬಂಡೆಯ ನೆರಳಲ್ಲಿ ಕೂತು ಬ್ಯಾಗಿನಿಂದ ಡಬ್ಬಿ ತೆಗೆದಳು. ಉಪ್ಪಿಟ್ಟು. ನಾನು ಅಭ್ಯಾಸಬಲದಿಂದ ಕೈಚಾಚಿದೆ.

ಅಮ್ಮ ಕೈಮೇಲೆ ಪಟ್ಟನೆ ಒಂದು ಬಿಟ್ಟಳು. "ತಡ್ಕೊಳೋ. ನಾನ್ ತಿಂದ್ಮೇಲೆ."