ಮೆಗಾಬ್ಲಾಕಿನ ಭಾನುವಾರಗಳು

ಆಗೆಲ್ಲ ಭಾನುವಾರ ಬಂತೆಂದರೆ ಮುಂಬಯಿ ಬಳಿಯ ಡೊಂಬಿವಲಿಯ ನಮ್ಮ ಬಿಲ್ಡಿಂಗಿನ ಮಕ್ಕಳಿಗೆ ಬೆಳಗಿನಿಂದ ಸಂಜೆಯವರೆಗೆ ಡಬ್ಬಾ ಐಸ್‌ಪೈಸ್ ಆಟ. ಕೆಳಗೆ ಸಿಮೆಂಟಿನ ಅಂಗಳ, ಅಡಗಿಕೊಳ್ಳಲು ನೀರಿನ ಟಾಕಿಯ ಹಿಂದಿನ ಸಂದು, ಯಾರದೋ ಕಿಟಕಿಯಿಂದ ಬರುವ ಮೀನು ಹುರಿಯುವ ವಾಸನೆ. ಆ ಕಡೆ ಬೆಳೆದವರಿಗೆ ಹೆಚ್ಚು ಹೇಳಬೇಕಿಲ್ಲ. ನನಗೆ ಮಾತ್ರ ತಿಂಗಳ ಎರಡನೆಯ ಮತ್ತು ನಾಲ್ಕನೆಯ ಭಾನುವಾರ ಆಟವಿರಲಿಲ್ಲ. ಆ ಎರಡು ದಿನ ಕೋರ್ಟು ನನ್ನನ್ನು ಅಪ್ಪನಿಗೆ ಕೊಟ್ಟಿತ್ತು, ಬೆಳಿಗ್ಗೆ ಹನ್ನೊಂದರಿಂದ ಸಂಜೆ ಐದರವರೆಗೆ.

ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಎಂದು ಗಾದೆ. ಅದನ್ನು ಕಟ್ಟಿದವರಿಗೆ ನನ್ನ ಪರಿಚಯ ಇರಲಿಲ್ಲ. ನಾನು ಬಡವಾಗಲಿಲ್ಲ, ಹಲ್ಲು ಮಸೆಯುತ್ತಿದ್ದೆ. ಎರಡನೆಯ ಮಹಡಿಯ ಶ್ವೇತಾ ಒಮ್ಮೆ ಎಲ್ಲರೆದುರು "ಆಜ್ ತೇರಾ ಪಪ್ಪಾ ಡೇ ಹೈ ನಾ?" ಎಂದು ಹಲ್ಲು ಕಿರಿದಳು. ನಾನು ಮೂರು ವಾರ ಸುಮ್ಮನಿದ್ದೆ. ಅವಳು ಮರೆತ ಮೇಲೆ ಅವಳ ಹೊಸ ಸೈಕಲ್ಲಿನ ಎರಡೂ ಚಕ್ರದ ಗಾಳಿ ಬಿಟ್ಟೆ. ಇದು ಮನೆಯಲ್ಲಿ ಗೊತ್ತಾದಾಗ ಅಜ್ಜಿ ಬೈಯಲಿಲ್ಲ, ಬೆರಗಾದಳು.

"ಹಾವಿನ ದ್ವೇಷ ಹನ್ನೆರಡು ವರ್ಷ ಅಂತಾರೆ. ಇವಳದ್ದು ಅದಕ್ಕೂ ಜಾಸ್ತಿ ಕಣೇ," ಎಂದಳು ಅಮ್ಮನಿಗೆ.

"ಅವರಪ್ಪನ ಕಡೆ ಬುದ್ಧಿ," ಎಂದಳು ಅಮ್ಮ. ನನ್ನಲ್ಲಿ ಕೆಟ್ಟದ್ದು ಏನು ಕಂಡರೂ ಅದು ಅಪ್ಪನ ಕಡೆಯದ್ದೇ ಆಗಿರುತ್ತಿತ್ತು.

ಅಮ್ಮ ಮೈಸೂರಿನವಳು, ಬೇಲಾಪುರದ ಒಂದು ಆಫೀಸಿನಲ್ಲಿ ಕೆಲಸ. ಅಪ್ಪ ಉಡುಪಿ ಕಡೆಯವನು, ಠಾಣೆಯ ಒಂದು ಹೋಟೆಲಿನಲ್ಲಿ ಮ್ಯಾನೇಜರ್. ನನಗೆ ಆರು ತುಂಬಿದಾಗ ಅವರು ಬೇರೆಯಾದರು. ಅಪ್ಪ ಠಾಣೆಯ ಪಕ್ಕದ ಸಣ್ಣ ಸ್ಟೇಷನ್ ಕಳವಾದಲ್ಲಿ ಒಂದು ಖೋಲಿ ಹಿಡಿದ. ಅಮ್ಮ ಮೈಸೂರಿನಿಂದ ಅಜ್ಜಿಯನ್ನು ಕರೆಸಿಕೊಂಡು ಡೊಂಬಿವಲಿ ವೆಸ್ಟಿನ ಮನೆಯಲ್ಲೇ ಉಳಿದಳು. ನಾನು ಹೇಳುತ್ತಿರುವುದು ನನಗೆ ಎಂಟು ಮುಗಿದು ಒಂಬತ್ತು ತುಂಬಿದ ಆ ಮಳೆಗಾಲದ ಮಾತು.

ನನ್ನನ್ನು ಒಪ್ಪಿಸುವ ಜಾಗ ಡೊಂಬಿವಲಿ ಈಸ್ಟಿನ ಟಿಕೆಟ್ ಕಿಟಕಿಯ ಪಕ್ಕ. ಮನೆ ವೆಸ್ಟಿನಲ್ಲಿದ್ದರೂ ಅಮ್ಮ ಈಸ್ಟನ್ನೇ ಆರಿಸಿದ್ದು ನೆರೆಹೊರೆಯವರು ನೋಡದಿರಲಿ ಎಂದು. ಹಾಗಾಗಿ ಪ್ರತಿ ಸಲ ಹಳಿಗಳ ಮೇಲಿನ ಬ್ರಿಜ್ ದಾಟಿ ಆ ಕಡೆ ಇಳಿಯುತ್ತಿದ್ದೆವು. ಅರ್ಧ ಗಂಟೆ ಕಾಯಬೇಕು, ಅಷ್ಟರಲ್ಲಿ ಅಪ್ಪ ಬರದಿದ್ದರೆ ಆ ಭಾನುವಾರ ಅವನ ಕೈ ಬಿಟ್ಟಂತೆ. ಇದು ಕಾಗದದಲ್ಲಿ ಬರೆದ ಕಟ್ಟಳೆ. ಫೋನು ಮಾಡಬೇಡಿ, ಮಾತಿಗೆ ಮಾತು ಬೆಳೆಯುತ್ತದೆ ಎಂದು ಇಬ್ಬರ ವಕೀಲರೂ ಹೇಳಿದ್ದರು. ಎದುರು ಬದುರು ನಿಂತಾಗಲೂ ಅವರು ಮಾತನಾಡುತ್ತಿದ್ದದ್ದು ನನ್ನ ಮೂಲಕ.

"ನಿಮ್ಮಪ್ಪಂಗೆ ಹೇಳು ಪುಟ್ಟಿ, ಐದು ಅಂದ್ರೆ ಐದು."

"ಅಮ್ಮನ ಹತ್ರ ಹೇಳು ಮಗಾ, ನಂಗೂ ಗಡಿಯಾರ ನೋಡ್ಲಿಕ್ಕೆ ಬರ್ತದೆ."

ಇಬ್ಬರಿಗೂ ಕೇಳಿಸಿದ ಮಾತನ್ನು ನಾನು ಮತ್ತೆ ಹೇಳಬೇಕೇ ಬೇಡವೇ ಎಂದು ಮೊದಮೊದಲು ತಿಳಿಯುತ್ತಿರಲಿಲ್ಲ.

ಅಪ್ಪ ಎಂದೂ ಹನ್ನೊಂದಕ್ಕೆ ಬಂದವನಲ್ಲ. ಹನ್ನೊಂದೂ ಇಪ್ಪತ್ತು, ಇಪ್ಪತ್ತೈದು, ಒಮ್ಮೆ ಇಪ್ಪತ್ತೊಂಬತ್ತು. ಅಮ್ಮನ ಕಣ್ಣು ಗಡಿಯಾರದ ಮೇಲೆ, ನನ್ನ ಕಣ್ಣು ಬ್ರಿಜ್ಜಿನ ಮೆಟ್ಟಿಲ ಮೇಲೆ. ಇಪ್ಪತ್ತೈದು ದಾಟಿತೆಂದರೆ ನಾನು ಚಪ್ಪಲಿಯ ಬಕಲ್ ಬಿಚ್ಚಿ ಮತ್ತೆ ಹಾಕತೊಡಗುತ್ತಿದ್ದೆ, ಹೊಟ್ಟೆನೋವು ಎನ್ನುತ್ತಿದ್ದೆ, ಹೇಗಾದರೂ ಅಮ್ಮ ಹೊರಡುವುದು ತಡವಾಗಲಿ ಎಂದು. ಅಷ್ಟರಲ್ಲಿ ಅಪ್ಪ ಬೆವರುತ್ತ ಇಳಿದು ಬರುತ್ತಿದ್ದ. ಕೈಯಲ್ಲಿ ಬಾಳೆಯೆಲೆಗೆ ಪೇಪರು ಸುತ್ತಿ ಬಿಳಿ ದಾರ ಬಿಗಿದ ಪಾರ್ಸೆಲ್. ಅದರಲ್ಲಿ ನಾಲ್ಕು ಬನ್ಸ್. ಮಾಗಿದ ಬಾಳೆಹಣ್ಣು ಹಾಕಿ ಕಲಸಿ, ಪೂರಿಯಂತೆ ಉಬ್ಬಿಸಿ ಕರಿದದ್ದು. ದಾರ ಬಿಚ್ಚಿದರೆ ಜೀರಿಗೆಯ ಪರಿಮಳ, ಮುಖಕ್ಕೆ ತಾಗುವ ಹಬೆ.

"ಎಂತ ಮಾಡುದು ಮಾರಾಯ್ತಿ, ಮೆಗಾಬ್ಲಾಕ್ ಅಲ್ವಾ! ಕಳವಾದಲ್ಲಿ ಒಂದು ಟ್ರೈನೂ ನಿಲ್ಲುದಿಲ್ಲ," ಎನ್ನುತ್ತಿದ್ದ, ಅಮ್ಮನಿಗೆ ಕೇಳುವಂತೆ ನನಗೆ.

ಭಾನುವಾರ ಹಳಿ ರಿಪೇರಿಗೆಂದು ಯಾವುದಾದರೊಂದು ಮಾರ್ಗ ಮುಚ್ಚುವುದು, ಗಾಡಿಗಳು ಸಣ್ಣ ಸ್ಟೇಷನ್ನುಗಳಲ್ಲಿ ನಿಲ್ಲದೆ ಹೋಗುವುದು ಅಲ್ಲಿನವರಿಗೆಲ್ಲ ಗೊತ್ತಿದ್ದದ್ದೇ. ಅಮ್ಮ ಮುಖ ತಿರುಗಿಸುತ್ತಿದ್ದಳು, ನಾನು ಪೂರ್ತಿ ನಂಬುತ್ತಿದ್ದೆ. ಅಪ್ಪನಿಗೂ ನನಗೂ ನಡುವೆ ನಿಂತಿರುವುದು ರೈಲ್ವೆಯವರು ಎಂದು ಅವರ ಮೇಲೆಯೇ ಹಲ್ಲು ಕಡಿಯುತ್ತಿದ್ದೆ.

ನನ್ನ ಒಂಬತ್ತನೆಯ ಹುಟ್ಟುಹಬ್ಬ ಒಂದು ಎರಡನೆಯ ಭಾನುವಾರ ಬಂತು. ಠಾಣೆಯ ಕೆರೆಯಲ್ಲಿ ಬೋಟಿಂಗ್ ಎಂದು ಅಪ್ಪ ಎರಡು ತಿಂಗಳಿನಿಂದ ಆಸೆ ಹುಟ್ಟಿಸಿದ್ದ. ಬಾತುಕೋಳಿಯಾಕಾರದ ಪೆಡಲ್ ದೋಣಿ, ನಾನೊಂದು ಕಡೆ ತುಳಿಯುವುದು, ಅವನೊಂದು ಕಡೆ. ಶಾಲೆಯಲ್ಲಿ ಎಲ್ಲರಿಗೂ ಹೇಳಿದ್ದೆ, ಶ್ವೇತಾಳಿಗೆ ಎರಡು ಸಲ ಹೇಳಿದ್ದೆ. ಅಂದು ಕೆರೆಯ ದಂಡೆಗೆ ಬಂದು ಟಿಕೆಟ್ಟಿನ ಸಾಲಿನಲ್ಲಿ ನಿಂತೂ ಆಗಿತ್ತು. ನಮ್ಮ ಮುಂದೆ ಇಬ್ಬರೇ ಇದ್ದರು. ಆಗ ಅವನ ಜೇಬಿನಲ್ಲಿ ಫೋನು ಹೊಡೆದುಕೊಂಡಿತು.

"ಬಂದೆ ಧಣಿಗಳೇ... ಇಲ್ಲಿಯೇ ಇದ್ದೇನೆ... ಈಗ ಬಂದೆ." ಫೋನು ಇಟ್ಟು ನನ್ನ ಮುಂದೆ ಕುಕ್ಕರಗಾಲಲ್ಲಿ ಕೂತ. "ಹತ್ತೇ ನಿಮಿಷ ಮಗಾ. ಕೌಂಟರಿನಲ್ಲಿ ಜನ ಇಲ್ವಂತೆ. ಹೋಗಿ ಬರುವ, ಆಯ್ತಾ?"

ಆ ಹತ್ತು ನಿಮಿಷ ನಾಲ್ಕು ಗಂಟೆಯಾಯಿತು. ಕೌಂಟರಿನ ಹಿಂದೆ ಸ್ಟೂಲಿನ ಮೇಲೆ, ಸೋಂಪಿನ ಬಟ್ಟಲಿನ ಪಕ್ಕದಲ್ಲಿ, ಹೊಸ ಗುಲಾಬಿ ಫ್ರಾಕು ಹಾಕಿಕೊಂಡು ಕೂತಿದ್ದೆ. ತಟ್ಟೆಗಳ ಸದ್ದು, ಸಾಂಬಾರಿನ ಹಬೆ, ಒದ್ದೆ ಕೊಡೆಗಳ ವಾಸನೆ. ಅಪ್ಪ ಆಗಾಗ ಬಂದು "ಗುಲಾಬ್ ಜಾಮೂನು ತಿಂತಿಯಾ?" ಎಂದು ಕೇಳುತ್ತಿದ್ದ. ಸೋಂಪಿನ ಬಟ್ಟಲಿಗೆ ಮೂರು ಸಲ ಉಗುಳಿದೆ, ಮೇಲಿನಿಂದ ಕಲಸಿಟ್ಟೆ. ಗಿರಾಕಿಗಳು ತಿಂದುಕೊಂಡು ಹೋದರು. ಇವತ್ತಿಗೂ ಅದಕ್ಕೆ ಪಶ್ಚಾತ್ತಾಪವಿಲ್ಲ.

ನನ್ನನ್ನು ನಿಜವಾಗಿ ಚುಚ್ಚಿದ್ದು ಆಮೇಲಿನದ್ದು. ವಾಪಸು ಬರುವ ರೈಲಿನಲ್ಲಿ ಅಪ್ಪ, "ಅಮ್ಮ ಕೇಳಿದರೆ ಬೋಟಿಂಗ್ ಹೋದೆವು ಅಂತ ಹೇಳು, ಆಯ್ತಾ? ಜಾಣೆ ಅಲ್ವಾ ನೀನು?" ಎಂದ. ಟಿಕೆಟ್ ಕಿಟಕಿಯ ಹತ್ತಿರ ಅಮ್ಮನೆದುರೇ, "ಬೋಟಿಂಗ್ ಮಜಾ ಬಂತಲ್ಲ ಮಗಾ?" ಎಂದು ನಕ್ಕ. ಅಮ್ಮ ನನ್ನನ್ನೇ ನೋಡಿದಳು.

"ಹ್ಞೂಂ," ಎಂದೆ.

"ಯಾವ ಥರದ್ದು ಬೋಟು?" ಅಮ್ಮ ಕೇಳಿದಳು.

"ಬಾತುಕೋಳಿದು."

ಮನೆಯಲ್ಲಿ ಅಜ್ಜಿಗೆ ನೀರು ಹೇಗೆ ಚಿಮ್ಮಿತು ಎಂದು ಕೂಡ ಹೇಳಬೇಕಾಯಿತು. ನನ್ನ ಹುಟ್ಟುಹಬ್ಬವನ್ನು ಕಿತ್ತುಕೊಂಡವನ ಪರವಾಗಿ ನಾನೇ ಸುಳ್ಳು ಹೆಣೆಯುತ್ತ ಕೂತಿದ್ದೆ.

ಮುಂದಿನ ಸರದಿಯ ಭಾನುವಾರ ಬೆಳಿಗ್ಗೆ, ಎದುರುಮನೆಯ ಆಂಟಿ, ನಾವು ಕಾಕು ಎನ್ನುತ್ತಿದ್ದವರು, ಓದಿ ಮುಗಿಸಿ ಕೊಟ್ಟ ಮರಾಠಿ ಪೇಪರಿನಲ್ಲಿ ಮೆಗಾಬ್ಲಾಕಿನ ಸುದ್ದಿ ಮೊದಲ ಬಾರಿ ಕಣ್ಣಿಗೆ ಬಿತ್ತು. ಅಮ್ಮನಿಗೆ ಮರಾಠಿ ಓದುವ ತಾಳ್ಮೆ ಇರಲಿಲ್ಲ, ನನಗೆ ಶಾಲೆಯಲ್ಲಿ ಮರಾಠಿ ಇತ್ತು. ಅಕ್ಷರ ಕೂಡಿಸಿ ಓದಿದೆ. ಅಂದು ಬ್ಲಾಕ್ ಇದ್ದದ್ದು ಹಾರ್ಬರ್ ಲೈನಿನಲ್ಲಿ ಮಾತ್ರ. ನಮ್ಮ ಲೈನು ತೆರೆದೇ ಇತ್ತು. ಅಪ್ಪ ಹನ್ನೊಂದೂ ಇಪ್ಪತ್ತಾರಕ್ಕೆ ಬಂದ. "ಎಂತ ಮಾಡುದು, ಮೆಗಾಬ್ಲಾಕ್," ಎಂದ. ಪಾರ್ಸೆಲ್ ನನ್ನ ಕೈಗಿಟ್ಟ. ಕೈ ಸುಡುವಷ್ಟು ಬಿಸಿ ಇತ್ತು.

ಆ ಬಿಸಿ ನನಗೆ ಎಲ್ಲವನ್ನೂ ಹೇಳಿತು. ಕಳವಾದ ಖೋಲಿಯಲ್ಲಿ ಬನ್ಸ್ ಕರಿಯುವವರಿಲ್ಲ. ಟ್ರೈನಿಲ್ಲದೆ ಒಂದು ಗಂಟೆ ಒದ್ದಾಡಿದವನ ಕೈಯಲ್ಲಿ ಬನ್ಸ್ ಹೀಗಿರುವುದಿಲ್ಲ. ಅವನು ಹನ್ನೊಂದಕ್ಕೆ ಹೋಟೆಲಿನ ಅಡುಗೆಮನೆಯಿಂದ ಎತ್ತಿಕೊಂಡು ನೆಟ್ಟಗೆ ಬಂದಿದ್ದ. ಇಷ್ಟು ದಿನ ನಾನು ಚಪ್ಪಲಿ ಬಿಚ್ಚಿ ಹಾಕಿ ಉಳಿಸಿಕೊಟ್ಟ ನಿಮಿಷಗಳೆಲ್ಲ ಹೋಟೆಲಿನ ಗಿರಾಕಿಗಳಿಗೆ ಹೋಗಿದ್ದವು. ಅಂದು ಬನ್ಸ್ ತಿನ್ನುತ್ತಲೇ ತೀರ್ಮಾನ ಮಾಡಿದೆ. ನಿಜವಾದ ಮೆಗಾಬ್ಲಾಕ್ ಬರಲಿ.

ಎರಡು ವಾರಕ್ಕೆ ಬಂತು. ಠಾಣೆಯಿಂದ ಕಲ್ಯಾಣದವರೆಗೆ ಸ್ಲೋ ಲೈನು ಬಂದ್, ಕಳವಾದಲ್ಲಿ ಗಾಡಿ ನಿಲ್ಲುವುದಿಲ್ಲ, ಉಳಿದವೂ ತಡ. ಎರಡು ಸಲ ಓದಿ, ಪೇಪರನ್ನು ಮಡಚಿ ಅಕ್ಕಿ ಡಬ್ಬದ ಕೆಳಗೆ ತುರುಕಿದೆ.

ಸ್ಟೇಷನ್ನಿನಲ್ಲಿ ಎಂದಿಗಿಂತ ಹೆಚ್ಚು ಜನ. ಮೈಕಿನ ಕೂಗು ಮಳೆಯ ಸದ್ದಿನಲ್ಲಿ ಏನೂ ತಿಳಿಯುತ್ತಿರಲಿಲ್ಲ. ಹನ್ನೊಂದೂವರೆಯಾಯಿತು. ಅಮ್ಮ ಕೇಳಿದಳು, "ಪೇಪರ್ ನೋಡಿದ್ಯಾ? ಇವತ್ತು ನಿಜವಾಗ್ಲೂ ಬ್ಲಾಕ್ ಇದ್ಯಾ?"

"ಹಾರ್ಬರ್ ಲೈನಲ್ಲಿ ಮಾತ್ರ."

"ಸರಿಯಾಗಿ ನೋಡಿದ್ಯಾ?"

"ಹ್ಞೂಂ ಅಮ್ಮ. ಅರ್ಧ ಗಂಟೆ ಆಯ್ತು, ನಡಿ. ನಂಗೆ ಆಟಕ್ಕೆ ಹೋಗ್ಬೇಕು."

ಅಮ್ಮ ಬೇರೆ ಉತ್ತರ ಬಯಸಿದ್ದಳೆಂದು ನನಗನ್ನಿಸುವುದಿಲ್ಲ. ಕೊಡೆ ಬಿಚ್ಚಿ ಮುಂದೆ ನಡೆದಳು. ಬ್ರಿಜ್ಜಿನ ನಡುವೆ ಬಂದಾಗ ಕೆಳಗೆ ಒಂದು ಗಾಡಿ ಬಂದು ನಿಂತಿತು. ನಾನು ಜಾಲರಿಗೆ ಮುಖ ಒತ್ತಿ ನೋಡಿದೆ. ನೂಕುನುಗ್ಗಲಿನಲ್ಲಿ ಅಪ್ಪ ಇಳಿದ. ಪಾರ್ಸೆಲನ್ನು ತಲೆಗಿಂತ ಮೇಲೆ ಎತ್ತಿ ಹಿಡಿದಿದ್ದ, ಯಾರೂ ಹಿಸುಕದಂತೆ. ಇಸ್ತ್ರಿ ಮಾಡಿದ ಬಿಳಿ ಅಂಗಿ. ಮೆಟ್ಟಿಲಿನ ಕಡೆಗೆ ಓಡತೊಡಗಿದ. "ಅಪ್ಪಾ" ಎಂದು ಒಂದು ಸಲ ಕೂಗಿದ್ದರೆ ಸಾಕಿತ್ತು. ಬಾಯಿ ಬಿಗಿದುಕೊಂಡೆ. ಓಡು, ಚೆನ್ನಾಗಿ ಓಡು ಎಂದು ಮನಸ್ಸಿನಲ್ಲೇ ಹೇಳಿದೆ. ತಿರುಗಿ ಅಮ್ಮನ ಸೆರಗು ಹಿಡಿದು ವೆಸ್ಟಿಗೆ ಇಳಿದೆ. ಅಷ್ಟು ಸುಖ ನನಗೆ ಯಾವ ಹುಟ್ಟುಹಬ್ಬದಲ್ಲೂ ಸಿಕ್ಕಿರಲಿಲ್ಲ.

ಮನೆಗೆ ಬಂದು ಬಟ್ಟೆ ಬದಲಿಸುವಷ್ಟರಲ್ಲಿ ವಾಚ್‌ಮನ್ ಬೆಲ್ ಒತ್ತಿದ. ಪಪ್ಪಾ ಕೆಳಗೆ ಬಂದಿದ್ದರಂತೆ, ಇದನ್ನು ಕೊಟ್ಟು ಹೋದರಂತೆ. ಅಮ್ಮ ಪಾರ್ಸೆಲನ್ನು ಕಟ್ಟೆಯ ಮೇಲೆ ಇಟ್ಟು ಒಳಗೆ ಹೋದಳು. ನಾನು ಮುಟ್ಟಿ ನೋಡಿದೆ. ದಾರ ಬಿಚ್ಚಿ ಒಳಗೆ ಕೈ ಹಾಕಿದೆ.

ಬನ್ಸ್ ತಣ್ಣಗಿತ್ತು. ಹಬೆಯಿಲ್ಲ, ಬಾಳೆಯೆಲೆಗೆ ಎಣ್ಣೆ ಹೆಪ್ಪುಗಟ್ಟಿತ್ತು. ಎಂದರೆ ಬೆಳಿಗ್ಗೆಯೇ ತೆಗೆದುಕೊಂಡು ಹೊರಟಿದ್ದ. ಆ ಒಂದು ದಿನ ಅಪ್ಪ ಸಮಯಕ್ಕೆ ಹೊರಟಿದ್ದ. ಒಂಬತ್ತು ವರ್ಷದ ನನಗೆ ಅದು ನಿಂತ ಜಾಗದಲ್ಲೇ ಅರ್ಥವಾಯಿತು. ಅರ್ಥವಾಗಲಿಲ್ಲ ಎಂದು ಹೇಳಿ ಜಾರಿಕೊಳ್ಳುವ ದಾರಿ ನನಗಿಲ್ಲ.

ಅರ್ಥವಾದ ಮೇಲೂ ನಾನು ನಿಲ್ಲಿಸಲಿಲ್ಲ. ಅಮ್ಮನ ವಕೀಲರು ತಪ್ಪಿದ ಭಾನುವಾರವನ್ನು ಹಿಡಿದು ಅರ್ಜಿ ಹಾಕಿದರು. ಕೋರ್ಟಿನ ಕೌನ್ಸೆಲರ್ ಮೇಡಂ ನನ್ನನ್ನು ಒಬ್ಬಳನ್ನೇ ಕೂರಿಸಿಕೊಂಡು, ಬಿಸ್ಕತ್ತು ಕೊಟ್ಟು, ಪಪ್ಪಾ ಜೊತೆ ಹೋಗಲು ಇಷ್ಟವೇ ಎಂದು ಹಿಂದಿಯಲ್ಲಿ ಕೇಳಿದರು. ನಾನು ಹೋಟೆಲಿನ ಸ್ಟೂಲಿನ ಬಗ್ಗೆ ಹೇಳಿದೆ, ಸುಳ್ಳು ಹೇಳಿಸಿದ ಬೋಟಿನ ಬಗ್ಗೆ ಹೇಳಿದೆ. ಎಲ್ಲವೂ ನಿಜವೇ. ಕೊನೆಗೆ "ಉಸ್ ದಿನ್ ಬ್ಲಾಕ್ ನಹೀ ಥಾ" ಎಂದೆ, ಅವತ್ತು ಬ್ಲಾಕ್ ಇರಲಿಲ್ಲವೆಂದು. ಅದೊಂದು ಮಾತ್ರ ಸುಳ್ಳು.

ಭಾನುವಾರಗಳು ಹೋದವು. ತಿಂಗಳಿಗೊಂದು ಶನಿವಾರ, ಕೋರ್ಟಿನ ಮಕ್ಕಳ ಕೋಣೆಯಲ್ಲಿ, ಒಂದು ಗಂಟೆ. ಅಪ್ಪ ಅದರ ವಿರುದ್ಧ ಒಂದು ಮಾತೂ ಆಡಲಿಲ್ಲ. ಕೆಲವು ಶನಿವಾರ ಬಂದ, ಕಾಲು ಮುರಿದ ಗೊಂಬೆಗಳ ನಡುವೆ ಕೂತ, ಆಮೇಲೆ ಬರುವುದು ನಿಂತುಹೋಯಿತು. ಹೋರಾಡಲೂ ಇಲ್ಲವಲ್ಲ ಎಂದು ಅದಕ್ಕೂ ಒಂದು ಹಗೆ ಕಟ್ಟಿಕೊಂಡೆ, ಅದನ್ನು ಬಹಳ ವರ್ಷ ಸಾಕಿದೆ.

ಈಗ ಅಪ್ಪ ನವಿ ಮುಂಬಯಿಯ ಒಂದು ಹೋಟೆಲಿನ ಕೌಂಟರಿನಲ್ಲಿ ಕೂರುತ್ತಾನೆ. ಕೆಲಸಕ್ಕೆ ಸೇರಿದ ಮೇಲೆ ನಾನೇ ಹುಡುಕಿಕೊಂಡು ಹೋದೆ. ಹೋಟೆಲಿನವನ ಭಾನುವಾರ ಎಂದರೇನೆಂದು ಆಮೇಲೆ ತಿಳಿಯಿತು. ಬೆಳಗಿನ ತಿಂಡಿಯ ನೂಕುನುಗ್ಗಲು ಮುಗಿಯುವವರೆಗೆ ತಲೆ ಎತ್ತಲು ಬಿಡುವಿಲ್ಲ. ಆದರೆ ಅದನ್ನು ಕೋರ್ಟಿನಲ್ಲಿ ಹೇಳಿದರೆ ಇವನಿಗೆ ಮಗುವಿಗೆ ಹೊತ್ತೇ ಇಲ್ಲ ಎನ್ನುತ್ತಾರೆಂದು ಹೆದರಿ, ಭಾನುವಾರಕ್ಕೇ ತಲೆಯಾಡಿಸಿ ಬಂದಿದ್ದನಂತೆ. ಆ ಮಳೆಯ ಭಾನುವಾರ ಧಣಿಗಳ ಕಾಲು ಹಿಡಿದು ಪೂರ್ತಿ ದಿನ ರಜೆ ಪಡೆದಿದ್ದನಂತೆ, ಬೋಟಿಂಗಿಗೆಂದು.

"ಮತ್ತೆ ಕೋರ್ಟಿನಲ್ಲಿ ಯಾಕೆ ಸುಮ್ಮನಿದ್ದೆ? ಪೇಪರ್ ತೋರಿಸಬಹುದಿತ್ತಲ್ಲ?" ಎಂದು ಕಳೆದ ವರ್ಷ ಕೇಳಿಬಿಟ್ಟೆ.

ಅಪ್ಪ ಬಿಲ್ಲಿನ ಕಾಗದಗಳನ್ನು ಚುಚ್ಚುವ ಸರಳನ್ನು ಅತ್ತ ಸರಿಸಿದ. "ಪೇಪರ್ ಯಾರಿಗೆ ತೋರಿಸುದು ಮಗಾ? ಬ್ರಿಜ್ಜಿನ ಮೇಲೆ ನೀನು ನಿಂತು ನೋಡಿದ್ದು ನಂಗೆ ಕಂಡಿತ್ತಲ್ಲ. ನೋಡಿ ತಿರುಗಿ ಹೋದದ್ದು. ನಿಂಗೇ ಬೇಡದಿದ್ರೆ ಜಡ್ಜ್ ಎಂತ ಕೊಡ್ತಾರೆ?"

ಯಾರಿಗೂ ಗೊತ್ತಿಲ್ಲದ ಸೇಡು ಎಂದು ಇಷ್ಟು ವರ್ಷ ಬಚ್ಚಿಟ್ಟುಕೊಂಡಿದ್ದೆ. ಅದು ಮೊದಲ ಕ್ಷಣದಿಂದಲೂ ಅವನ ಬಳಿಯೇ ಇತ್ತು. ಮುಂದಿದ್ದ ಕಾಫಿ ಕುಡಿದೆ.

ಮೆಗಾಬ್ಲಾಕಿನ ಸುದ್ದಿ ಈಗ ಶನಿವಾರವೇ ಫೋನಿಗೆ ಬರುತ್ತದೆ. ನನಗೆ ಭಾನುವಾರ ರಜೆ. ಅವನು, "ಭಾನುವಾರ ಬೇಡ ಮಗಾ, ರಶ್ ಇರ್ತದೆ, ಮಂಗಳವಾರ ಬಾ," ಎನ್ನುತ್ತಾನೆ. ಕಳೆದುಹೋದ ಆ ಭಾನುವಾರಗಳಲ್ಲಿ ಒಂದೂ ನಮಗೆ ತಿರುಗಿ ಸಿಗಲಿಲ್ಲ, ಬಾತುಕೋಳಿ ದೋಣಿಯನ್ನು ನಾವಿಬ್ಬರೂ ಇನ್ನೂ ತುಳಿದಿಲ್ಲ. ಮಂಗಳವಾರ ಅರ್ಧ ದಿನದ ರಜೆ ಹಾಕಿ ಹೋಗುತ್ತೇನೆ. ಹನ್ನೊಂದಕ್ಕೆ ಬರುತ್ತೇನೆಂದು ಹೇಳಿ ಹನ್ನೆರಡಕ್ಕೆ ತಲುಪುತ್ತೇನೆ, ಒಮ್ಮೊಮ್ಮೆ ಬೇಕೆಂದೇ. ಅವನು ಬಾಗಿಲಲ್ಲಿ ನಿಂತಿರುತ್ತಾನೆ, ಒಂದು ದಿನವೂ ಯಾಕೆ ತಡ ಎಂದು ಕೇಳುವುದಿಲ್ಲ. ಒಳಗೆ ಕರೆದು, ನನಗಾಗಿ ತೆಗೆದಿಟ್ಟ ತಣ್ಣನೆಯ ಬನ್ಸನ್ನು ಮುಂದಿಡುತ್ತಾನೆ.