ಅವ್ವನ ಅಂಗೈಯ ಗಾಯ

ಮದುವೆಯಾಗಿ ಉದಗೀರಕ್ಕೆ ಬಂದು ಇಷ್ಟು ವರ್ಷವಾದರೂ ಅವ್ವ ನನ್ನ ಮನೆಯಲ್ಲಿ ಒಂದು ರಾತ್ರಿ ಉಳಿದವಳಲ್ಲ. ಮಗಳನ್ನು ಕೊಟ್ಟ ಮನೆಯಲ್ಲಿ ಉಳಿಯಲು ಅವಳಿಗೆ ಮುಜುಗರ. ತವರೂರು ದಾಳಿಂಬದಿಂದ ಬಂದರೆ ಚಹಾ ಕುಡಿದು ಸಂಜೆಯ ಬಸ್ಸು ಹಿಡಿಯುವಳು. ಈ ಪದ್ಧತಿ ಮಾಡಿದವರು ಯಾರೋ, ಕೈಗೆ ಸಿಕ್ಕರೆ ನಾನಂತೂ ಬಿಡುವವಳಲ್ಲ.

ಅಂಥವಳು ಕಳೆದ ಬೇಸಿಗೆಯಲ್ಲಿ ಬಂದು ಉಳಿದಳು. ಒಲೆಯಿಂದ ಜಾರಿದ ಹಂಚನ್ನು ಹಿಡಿಯಲು ಹೋಗಿ ಎಡ ಅಂಗೈ ಸುಟ್ಟುಕೊಂಡಿದ್ದಳು. ಅರಿಸಿನ ಮೆತ್ತಿ ಮುಚ್ಚಿಟ್ಟುಕೊಂಡಳಂತೆ. ಕೀವಾದ ಮೇಲೆ ಅಣ್ಣ ಇಲ್ಲಿಯ ಡಾಕ್ಟರಿಗೆ ತೋರಿಸಲು ಕರೆತಂದ. ಡಾಕ್ಟರು ಹತ್ತಿ ಬಟ್ಟೆಯ ಪಟ್ಟಿ ಬಿಟ್ಟು, ತಣ್ಣನೆಯ ಒಂದು ಜೆಲ್ ಹಾಳೆ ತೆಗೆದರು. ಸಿಗಡಿಯ ಚಿಪ್ಪಿನಿಂದ ಮಾಡಿದ್ದು, ಕೀವು ಮಾಡುವ ಕ್ರಿಮಿಗಳನ್ನು ಕೊಲ್ಲುತ್ತದೆ ಎಂದರು. ಅವ್ವ ಕೈ ಹಿಂದಕ್ಕೆಳೆದುಕೊಂಡಳು.

“ಈ ಅಂಗೈ ಮ್ಯಾಲ ಲಿಂಗ ಇಡ್ತೀನ್ರೀ. ಸಿಗಡಿ ಗಿಗಡಿ ಬ್ಯಾಡ.”

ಡಾಕ್ಟರು ನಕ್ಕು, ಕಡಲಪಾಚಿಯಿಂದ ಮಾಡಿದ, ಜೇನು ಬೆರೆಸಿದ ಇನ್ನೊಂದನ್ನು ತಂದು ಹಚ್ಚಿದರು. ಆಗಾಗ ಬದಲಿಸಬೇಕು, ಮಾಯುವವರೆಗೆ ಊರಿಗೆ ಹೋಗುವಂತಿಲ್ಲ ಎಂದರು. ನನಗೆ ಹಬ್ಬ.

ಅವಳ ತಲೆ ಬಾಚಿದೆ, ರೊಟ್ಟಿ ಮುರಿದು ಕೊಟ್ಟೆ, ಮಗ್ಗುಲಲ್ಲಿ ಹಾಸಿಕೊಂಡು ಮಲಗಿದೆ. ಅವಳ ಚಿಂತೆಯೇ ಬೇರೆ. ಲಿಂಗವನ್ನು ಅಂಗೈಯಲ್ಲಿಟ್ಟು ಪೂಜಿಸುವಂತಿರಲಿಲ್ಲ. ಕೊರಳಲ್ಲಿದ್ದ ಲಿಂಗದ ಕರಡಿಗೆಯನ್ನಷ್ಟೇ ಕಣ್ಣಿಗೊತ್ತಿಕೊಂಡು ಊಟಕ್ಕೆ ಕೂರುವಾಗ ಮುಖ ಸಪ್ಪಗಾಗುತ್ತಿತ್ತು. ಆ ಜೆಲ್ಲು ಗಾಜಿನಂತೆ ತಿಳಿಯಾಗಿತ್ತು, ಬಿಚ್ಚದೆಯೇ ಗಾಯ ಕಾಣುತ್ತಿತ್ತು. ದಿನಾ ಕಿಟಕಿಯ ಬೆಳಕಿಗೆ ಕೈ ಹಿಡಿದು, “ಹೊಸ ತೊಗಲು ಬಂದದೇನು ನೋಡ” ಎನ್ನುತ್ತಿದ್ದಳು. ನೋಡುತ್ತಿದ್ದೆ. ಅಂಚಿನಿಂದ ಗುಲಾಬಿ ಬಣ್ಣ ಒಳಗೊಳಗೆ ಬಂದಷ್ಟೂ ಅವಳು ಹೊರಡುವ ದಿನ ಹತ್ತಿರವಾಗುತ್ತಿತ್ತು. ಮಾಯಲಿ ಎಂದು ಬೇಡಿಕೊಂಡದ್ದೂ ನಿಜ, ಇಷ್ಟು ಬೇಗ ಬೇಡ ಎಂದುಕೊಂಡದ್ದೂ ನಿಜ.

ಮಾಯಿತು. ಲಿಂಗವನ್ನು ಅಂಗೈಯಲ್ಲಿಟ್ಟುಕೊಂಡ ದಿನ ಅವ್ವ ಅತ್ತಳು. ಪೂಜೆ ಮುಗಿಸಿ ಎದ್ದವಳೇ, “ಊರಿಗಿ ಹೋಗೋ ಉಮರ್ಗಾ ಬಸ್ ಎಷ್ಟಕ್ಕ ಅದ?” ಎಂದು ಕೇಳಿದಳು.

“ಇನ್ನೆರಡ ದಿನ ಇರು.”

“ಬೀಗರ ಮನ್ಯಾಗ ಎಷ್ಟಂತ ಕೂಡ್ಲಿ? ಮತ್ತ ಬರಬೇಕಂದ್ರ ಈ ಕೈನೂ ಸುಟ್ಕೋತೀನಿ ತಗೋ” ಎಂದು ಬಲಗೈ ತೋರಿಸಿ ನಕ್ಕಳು. ನನಗೆ ನಗು ಬರಲಿಲ್ಲ, ಸಿಟ್ಟು ಬಂತು. ಅವಳ ಚೀಲ ಹಿಡಿದು ಬಸ್ ಸ್ಟ್ಯಾಂಡಿನವರೆಗೂ ಮುಂದೆ ಮುಂದೆ ನಡೆದೆ. ಬಸ್ಸು ಬಂದಾಗ ತಡೆಯಲಾಗದೆ ಅಂದೆ:

“ಗಾಯ ಇಲ್ಲದ ಒಮ್ಮಿ ಬಾ, ಯವ್ವಾ.”

ಅವಳು ನನ್ನ ಗಲ್ಲ ಮುಟ್ಟಿ ಬಸ್ಸು ಹತ್ತಿದಳು.

ಈಗ ಫೋನು ಮಾಡಿದಾಗಲೆಲ್ಲ, “ನಾ ಆರಾಮ ಅದೀನಿ” ಎನ್ನುತ್ತಾಳೆ. ಆರಾಮ ಇದ್ದಾಳೆ ಎಂದರೆ ಬರುವುದಿಲ್ಲ ಎಂದೇ ಅರ್ಥ.