ಗುಡ್ಡಕ್ಕೆ ಒಬ್ಬರೇ ಹೋಗುತ್ತಿದ್ದ ವೈನಿ

ಮೊನ್ನೆ ರೇಷನ್ ಅಂಗಡಿಯ ಮುಂದೆ ಚೀಲ ಹಿಡಿದು ನಿಂತಿದ್ದಾಗ ಹುಲ್ಲು ಮಾರುವ ಹೆಂಗಸೊಬ್ಬಳು ತಲೆಯ ಹೊರೆಯನ್ನು ನನ್ನ ಪಕ್ಕದಲ್ಲೇ ಇಳಿಸಿದಳು. ಗುಡ್ಡದ ಹುಲ್ಲು. ಬಿಸಿಲಿಗೆ ಅರೆ ಒಣಗಿದ ಆ ವಾಸನೆ ಬಂದದ್ದೇ ತಡ, ನಮ್ಮ ಹಳೆಯ ವಾಡೆಯ ಬಾವಿಕಟ್ಟೆ ಕಣ್ಣ ಮುಂದೆ ನಿಂತಿತು. ಅಲ್ಲಿ ಕೂತು ವೈನಿ ಸೀರೆಯ ಅಂಚಿಗೆ ಚುಚ್ಚಿಕೊಂಡ ಹುಲ್ಲಿನ ಮುಳ್ಳುಗಳನ್ನು ಕೀಳುತ್ತಿದ್ದರು...

ವೈನಿ ಎಂದರೆ ಅತ್ತಿಗೆ; ಹಾಗೆ ಕರೆಯುತ್ತಿದ್ದೆನಾದರೂ ಅವರು ನನಗೆ ಸಂಬಂಧಿಕರೇನಲ್ಲ. ನಾನು ಧಾರವಾಡದ ಕಡೆಯಿಂದ ಮದುವೆಯಾಗಿ ಪುಣೆಗೆ ಬಂದಾಗ ಒಂದೇ ಅಂಗಳದ ಸುತ್ತ ಹತ್ತಾರು ಬಿಡಾರಗಳಿದ್ದ ಆ ವಾಡೆಯಲ್ಲಿ ನಮ್ಮದು ಬಿಟ್ಟರೆ ಕನ್ನಡ ಮಾತಾಡುವ ಮನೆ ಅವರದೊಂದೇ. ವೈನಿಯ ಗಂಡ ಖಡಕಿಯ ಕಾರ್ಖಾನೆಯಲ್ಲಿ ಕಾರಕೂನರು. ಮನೆ ತುಂಬ ಜನ. ಬೆಳಗಾದರೆ ಯಾರಾದರೊಬ್ಬರು ವೈನಿಯನ್ನು ಕೂಗುತ್ತಲೇ ಇರುತ್ತಿದ್ದರು.

ಊರೆಲ್ಲ ಜ್ವರದಿಂದ ಮಲಗಿದ ವರ್ಷ ವೈನಿ ಹೇಗೋ ಬದುಕಿಕೊಂಡರು, ಕೆಮ್ಮು ಮಾತ್ರ ಬಿಡಲಿಲ್ಲ. ದಿನಾ ಬೆಳಿಗ್ಗೆ ಗುಡ್ಡ ಹತ್ತಿ ಒಳ್ಳೆಯ ಗಾಳಿ ಕುಡಿಯಬೇಕೆಂದು ಡಾಕ್ಟರರು ಹೇಳಿದರು. ಪರ್ವತಿ ಗುಡ್ಡಕ್ಕೆ ಹೋದರೆ ಮೇಲಿನ ಗುಡಿಯಲ್ಲಿ ದೇವರ ದರ್ಶನವೂ ಆದೀತೆಂದು ಅವರ ಅತ್ತೆ ಒಪ್ಪಿ, ಮಗಳನ್ನು ಜೊತೆಗೆ ಕಳಿಸಿದರು. ಆ ನಾದಿನಿಯೋ ದಾರಿಯುದ್ದಕ್ಕೂ ಮನೆಯ ಜಗಳಗಳನ್ನೇ ಹೇಳುವವಳು. ಕೆಲವು ದಿನ ಸಹಿಸಿದ ವೈನಿ ಒಂದು ಮುಂಜಾನೆ ಅತ್ತೆಯ ಮುಂದೆ ನಿಂತು ಹೇಳಿದ್ದು ಅಂಗಳದಲ್ಲಿದ್ದ ನಮಗೆಲ್ಲ ಕೇಳಿಸಿತು.

"ಅತ್ತ್ಯಾರ, ಡಾಕ್ಟರ್ ಔಷಧ ಕೊಟ್ಟದ್ದು ನನಗರೀ. ಔಷಧ ಯಾರೂ ಹಂಚಿಕೊಂಡು ಕುಡಿಯೂದಿಲ್ಲಲ್ರಿ. ನಾ ಒಬ್ಬಾಕೀನ ಹೋಗತೇನಿ."

ಅತ್ತೆ ಸಿಟ್ಟಿನಿಂದ ಬಹಳ ದಿನ ಸೊಸೆಯೊಡನೆ ಮಾತು ಬಿಟ್ಟರು. ವಾಡೆಯ ಹೆಂಗಸರೂ ಸುಮ್ಮನಿರಲಿಲ್ಲ. ಈಕೆ ಗುಡಿಗೆ ಹೋಗುವುದಿಲ್ಲ, ಹಿಂದಿನ ಬೋಳು ಗುಡ್ಡದ ಮೇಲೆ ಒಬ್ಬಳೇ ಬಂಡೆಗೆ ಒರಗಿ ಕೂತಿರುತ್ತಾಳೆ ಎಂದು ಯಾರೋ ನೋಡಿ ಬಂದು ಹೇಳಿದರು. ವೈನಿ ಅಲ್ಲವೆನ್ನಲಿಲ್ಲ. ನಾನೇ ಒಮ್ಮೆ ಕೇಳಿದೆ, ಅಷ್ಟು ಹೊತ್ತು ಮೇಲೆ ಏನು ಮಾಡುತ್ತೀರಿ ಎಂದು.

"ಏನೂ ಮಾಡೂದಿಲ್ಲವಾ. ಗಾಳಿ ಬರತದ, ಕೂಡತೇನಿ. ಅಲ್ಲೆ ನನ್ನ ಯಾರೂ ಕರೆಯೂದಿಲ್ಲ ನೋಡು," ಎಂದು ನಕ್ಕರು.

ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಕೆಮ್ಮು ನಿಂತಿತು. ಮುಖ ತುಂಬಿಕೊಂಡಿತು. ಗುಡ್ಡದಿಂದ ಇಳಿದು ಬರುವಾಗ ಅವರ ನಡಿಗೆಯೇ ಬೇರೆಯಾಗಿರುತ್ತಿತ್ತು.

ಆಮೇಲೆ ಅತ್ತೆಗೆ ಲಕ್ವಾ ಹೊಡೆಯಿತು. ನಾದಿನಿ ಆಗಲೇ ಗಂಡನ ಮನೆಗೆ ಹೋಗಿದ್ದಳು. ಎತ್ತುವುದು, ತೊಳೆಯುವುದು, ಉಣಿಸುವುದು ಎಲ್ಲ ವೈನಿಯ ಪಾಲಿಗೆ ಬಂತು. ಗುಡ್ಡ ನಿಂತಿತು. "ಗುಡ್ಡ ಎಲ್ಲೆ ಓಡಿ ಹೋಗತದ?" ಎನ್ನುತ್ತಿದ್ದರು. ವರ್ಷಗಳು ಹೋದವು. ಕೆಮ್ಮು ಮೆಲ್ಲಗೆ ತಿರುಗಿ ಬಂತು.

ಹಾಸಿಗೆಯಲ್ಲಿದ್ದ ಮುದುಕಿಗೆ ಆ ಕೆಮ್ಮು ಕೇಳಿಸುತ್ತಿತ್ತು. ಒಂದು ಬೆಳಿಗ್ಗೆ ನಾನು ಅಲ್ಲಿದ್ದಾಗ, ಸೊಟ್ಟಗಾದ ಬಾಯಿಂದ ಕಷ್ಟಪಟ್ಟು, "ನೀ ಹೋಗು... ಗುಡ್ಡಕ್ಕ ಹೋಗು," ಎಂದರು. ವೈನಿ ಅತ್ತೆಯನ್ನೇ ನೋಡುತ್ತ ನಿಂತುಬಿಟ್ಟರು. ನಾನು ಇಲ್ಲಿ ಕೂತಿರುತ್ತೇನೆಂದು ಹೇಳಿ ಅವರನ್ನು ಕಳಿಸಿದೆ.

ಬೇಗ ತಿರುಗಿ ಬಂದರು. ಬಾಗಿಲ ಹೊರಗೆ ಗೋಡೆಗೆ ಕೈಯಿಟ್ಟು ಉಸಿರು ಬಿಡುತ್ತ, "ಏರಲಿಕ್ಕೆ ಆಗಲಿಲ್ಲವಾ. ಬುಡದಾಗ ಕೂತು ಬಂದೆ," ಎಂದು ನನಗೆ ಪಿಸುಗುಟ್ಟಿದರು. ಒಳಗೆ ಹೋಗಿ ಅತ್ತೆಯ ಹೊದಿಕೆ ಸರಿಮಾಡುತ್ತ, "ಮ್ಯಾಲೆ ಗಾಳಿ ಭಾಳ ಚಲೋ ಇತ್ತರೀ, ಅತ್ತ್ಯಾರ," ಎಂದರು. ಮುದುಕಿಯ ಕಣ್ಣಿನಲ್ಲಿ ಸಮಾಧಾನ ಕಂಡಿತು.

ಆಮೇಲೂ ಹಾಗೆಯೇ ನಡೆಯಿತು. ಇವರು ಗುಡ್ಡದ ಬುಡದವರೆಗೆ ಹೋಗಿ ಬರುವರು, ಮೇಲಿನ ಸುದ್ದಿ ಹೇಳುವರು... ಚಳಿಗಾಲದಲ್ಲಿ ಹಾಸಿಗೆ ಹಿಡಿದ ವೈನಿ ಮತ್ತೆ ಏಳಲಿಲ್ಲ. ಸೊಸೆ ತೀರಿಕೊಂಡದ್ದನ್ನು ಮನೆಯವರು ಅತ್ತೆಗೆ ಹೇಳಿದರು. ಅದು ಮುದುಕಿಯ ತಲೆಯಲ್ಲಿ ನಿಲ್ಲಲಿಲ್ಲ. ಬೆಳಿಗ್ಗೆ ನಾನು ಗಂಜಿ ಕುಡಿಸಲು ಹೋದರೆ, "ಬಂದಳೇನು?" ಎನ್ನುವರು. "ಇನ್ನೂ ಬಂದಿಲ್ರಿ," ಎನ್ನುತ್ತಿದ್ದೆ.

ಈಗ ನನಗೆ ಆಗಿನ ವೈನಿಗಿಂತ ಹೆಚ್ಚು ವಯಸ್ಸು. ರಾತ್ರಿ ಮಲಗೆದ್ದರೂ ಮೈ ಸೋತೇ ಇರುತ್ತದೆ. ಎಲ್ಲಿಗಾದರೂ ಒಬ್ಬಳೇ ಹೋಗಿ ಸುಮ್ಮನೆ ಕೂತು ಬರಬೇಕೆನ್ನಿಸುತ್ತದೆ. ಮನೆಯಲ್ಲಿ ಹೇಳಿದರೆ ಎಲ್ಲರೂ ಜೊತೆಗೆ ಬರುತ್ತೇವೆನ್ನುತ್ತಾರೆ, ಪ್ರೀತಿಯಿಂದಲೇ. ಬೇಡವೆನ್ನಲು ಬಾಯಿ ಬರುವುದಿಲ್ಲ. ನನಗೆ ಏನಾಗಿದೆಯೆಂದು ಹೇಳದೆಯೇ ತಿಳಿಯಬಹುದಾಗಿದ್ದವರು ವೈನಿಯೊಬ್ಬರೇ, ಅವರಿಲ್ಲ.